ಸಾರ್ವಜನಿಕ ಕಾಡಿನಲ್ಲಿ ಬೇಟೆ: ದಟ್ಟಣೆಯ ಲೆಕ್ಕ, ಸೌಜನ್ಯದ ವಿಜ್ಞಾನ

ಬೇಟೆ ಎಂಬ ಪದ ಕೇಳಿದೊಡನೆ ಇಂದು ನಮಗೆ ನೆನಪಾಗುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯಿಂದಾಗಿ ಭಾರತದಲ್ಲಿ ಕಾಡುಪ್ರಾಣಿಗಳ ಬೇಟೆ ಬಹುಮಟ್ಟಿಗೆ ನಿಷಿದ್ಧ. ಆದರೆ ಎಲ್ಲ ದೇಶಗಳಲ್ಲೂ ಹೀಗಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ, ಗೊತ್ತುಪಡಿಸಿದ ಸಂಖ್ಯೆಯಷ್ಟು ಪ್ರಾಣಿಗಳನ್ನು ಬೇಟೆಯಾಡಲು ಅವಕಾಶವಿದೆ. ಅಲ್ಲಿ 2022ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 16 ವರ್ಷ ಮೇಲ್ಪಟ್ಟ ಸುಮಾರು 1.44 ಕೋಟಿ ಜನ ಆ ವರ್ಷ ಬೇಟೆಯಲ್ಲಿ ತೊಡಗಿದ್ದರು.

ಇವರಲ್ಲಿ ಅನೇಕರಿಗೆ ಬೇಟೆಯಾಡಲು ಸ್ವಂತ ಜಮೀನಿಲ್ಲ. ಅವರು ಹೋಗುವುದು ಸರಕಾರದ ಕಾಡಿಗೆ, ಹುಲ್ಲುಗಾವಲಿಗೆ, ಜೌಗುಪ್ರದೇಶಕ್ಕೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದು. ಹಾಗಿರುವಾಗ ಒಂದೇ ಮುಂಜಾನೆ, ಒಂದೇ ಕಣಿವೆಗೆ, ಪರಸ್ಪರ ಪರಿಚಯವಿಲ್ಲದ ಹತ್ತು ಮಂದಿ ಕೋವಿ ಹಿಡಿದು ಬಂದರೆ ಏನಾಗಬಹುದು ಯೋಚಿಸಿ. ಯಾರು ಎಲ್ಲಿ ಕೂರಬೇಕು? ಮೊದಲು ಬಂದವನಿಗೆ ಏನು ಹಕ್ಕು? ತಡವಾಗಿ ಬಂದವನು ಯಾವ ದಾರಿಯಲ್ಲಿ ಹೋಗಬೇಕು? ಇವುಗಳಲ್ಲಿ ಹೆಚ್ಚಿನವಕ್ಕೆ ಕಾನೂನಿನ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರ ಇರುವುದು ಬೇಟೆಗಾರರ ನಡುವೆ ತಲೆಮಾರುಗಳಿಂದ ಬಂದಿರುವ ಸೌಜನ್ಯದ ನಿಯಮಗಳಲ್ಲಿ. ಮೇಲ್ನೋಟಕ್ಕೆ ಬರಿಯ ಶಿಷ್ಟಾಚಾರದಂತೆ ಕಾಣುವ ಈ ನಿಯಮಗಳ ಹಿಂದೆ ಗಾಳಿ, ಬೆಳಕು, ಗುಂಡಿನ ಓಟ ಮತ್ತು ಪ್ರಾಣಿಗಳ ವರ್ತನೆಗೆ ಸಂಬಂಧಿಸಿದ ಗಟ್ಟಿ ಕಾರಣಗಳಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಕಾಡು ಯಾರದು, ಪ್ರಾಣಿ ಯಾರದು?

ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ಸಾಮಾನ್ಯವಾಗಿ ಜಮೀನಿನ ಒಡೆತನದ ಜೊತೆ ಹೋಗುತ್ತದೆ. ಅಮೆರಿಕದಲ್ಲಿ ಬೆಳೆದು ಬಂದ ತತ್ತ್ವ ಬೇರೆ. ಅಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನ ಸ್ವತ್ತಲ್ಲ. ಜನರೆಲ್ಲರ ಪರವಾಗಿ ರಾಜ್ಯ ಸರಕಾರ ಅದನ್ನು ನೋಡಿಕೊಳ್ಳುತ್ತದೆ. ಜಮೀನಿನ ಒಡೆಯ ಇತರರನ್ನು ಒಳಗೆ ಬಿಡದಿರಬಹುದು, ಆದರೆ ಜಿಂಕೆ ತನ್ನದೆನ್ನುವಂತಿಲ್ಲ.

ಜೊತೆಗೆ ಅಲ್ಲಿನ ಕೇಂದ್ರ ಸರಕಾರದ ವಶದಲ್ಲಿ ಸುಮಾರು 64 ಕೋಟಿ ಎಕರೆ ಭೂಮಿಯಿದೆ. ಇದು ಕರ್ನಾಟಕದ ವಿಸ್ತೀರ್ಣದ ಸುಮಾರು 13 ಪಟ್ಟು. ಇದರಲ್ಲಿ ಅರಣ್ಯ ಇಲಾಖೆ ಮತ್ತು ಭೂನಿರ್ವಹಣಾ ಇಲಾಖೆಗಳ ಕೈಯಲ್ಲಿರುವ ಭೂಮಿಯ ಬಹುಪಾಲು ಬೇಟೆಗೆ ಮುಕ್ತ. ಆದರೆ ಈ ಭೂಮಿ ದೇಶದಲ್ಲಿ ಸಮನಾಗಿ ಹರಡಿಲ್ಲ. ಪಶ್ಚಿಮದ ನೆವಾಡ ರಾಜ್ಯದ ಸುಮಾರು ಶೇ. 80 ಭಾಗ ಕೇಂದ್ರದ ಭೂಮಿಯಾದರೆ, ಟೆಕ್ಸಾಸ್‌ನಲ್ಲಿ ಅದು ಶೇ. 2ರ ಆಸುಪಾಸು. ಪೂರ್ವದ ರಾಜ್ಯಗಳಲ್ಲಿ ಜನ ಹೆಚ್ಚು, ಸಾರ್ವಜನಿಕ ಕಾಡು ಕಡಿಮೆ. ದಟ್ಟಣೆಯ ಮೊದಲ ಕಾರಣ ಇಲ್ಲೇ ಇದೆ.

ಇನ್ನೊಂದು ತೊಡಕೂ ಉಂಟು. ಪಶ್ಚಿಮದ ಕೆಲವೆಡೆ ಸರಕಾರಿ ಮತ್ತು ಖಾಸಗಿ ಚೌಕಗಳು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಬರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಹೀಗೆ ಜಮೀನು ಹಂಚಿದ್ದರ ಫಲ ಇದು. ಒಂದು ಸರಕಾರಿ ಚೌಕದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡೂ ಕೂಡುವ ಮೂಲೆಯನ್ನೇ ದಾಟಬೇಕು. ವಯೋಮಿಂಗ್ ರಾಜ್ಯದ ಇಂಥ ಒಂದು ಪ್ರಕರಣದಲ್ಲಿ, ಖಾಸಗಿ ನೆಲ ಮುಟ್ಟದೆ ಮೂಲೆ ದಾಟಿದ ಬೇಟೆಗಾರರ ಪರವಾಗಿ 2025ರ ಮಾರ್ಚ್‌ನಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಭೂಮಿ ಸಾರ್ವಜನಿಕ ಎಂದರೆ ಸಾಲದು, ಅಲ್ಲಿಗೆ ದಾರಿಯೂ ಇರಬೇಕು. ದಾರಿ ಇಲ್ಲದ ಭೂಮಿ ಖಾಲಿ ಉಳಿಯುತ್ತದೆ. ದಾರಿ ಇರುವಲ್ಲಿ ಜನ ಕಿಕ್ಕಿರಿಯುತ್ತಾರೆ.

ಸಾಂದ್ರತೆ ಬೇರೆ, ದಟ್ಟಣೆ ಬೇರೆ

ಒಂದು ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬುದು ಸಾಂದ್ರತೆ. ಅದು ಎಣಿಸಬಹುದಾದ ಸಂಗತಿ. ‘ಜನ ಬಹಳವಾಯಿತು’ ಎಂಬ ಅನಿಸಿಕೆ ದಟ್ಟಣೆ. ಅದು ಮನಸ್ಸಿನ ಅಳತೆ. ಜಾತ್ರೆಯಲ್ಲಿ ಸಾವಿರ ಜನರಿದ್ದರೂ ನಿಮಗೆ ಬೇಸರವಾಗದು. ಗುಡ್ಡದ ತುದಿಯಲ್ಲಿ ಏಕಾಂತ ಬಯಸಿ ಕುಳಿತಾಗ ಇಬ್ಬರು ಬಂದರೂ ಕಿರಿಕಿರಿ. ಈ ಅನಿಸಿಕೆಯನ್ನು ಅಳೆಯಲು ಹೆಬರ್ಲೈನ್ ಮತ್ತು ವಾಸ್ಕೆ ಎಂಬ ಸಂಶೋಧಕರು 1977ರಲ್ಲಿ ವಿಸ್ಕಾನ್ಸಿನ್ ರಾಜ್ಯದ ನದಿಯೊಂದರ ಅಧ್ಯಯನದಲ್ಲಿ ಒಂಬತ್ತು ಅಂಕಗಳ ಮಾಪಕವನ್ನು ಬಳಸಿದರು. 1 ಎಂದರೆ ‘ಸ್ವಲ್ಪವೂ ದಟ್ಟಣೆ ಇಲ್ಲ’, 9 ಎಂದರೆ ‘ವಿಪರೀತ ದಟ್ಟಣೆ’. ಮುಂದೆ ಈ ಮಾಪಕ ಬೇಟೆ, ಮೀನುಗಾರಿಕೆ, ಚಾರಣ ಮುಂತಾದ ಅನೇಕ ಅಧ್ಯಯನಗಳಲ್ಲಿ ಬಳಕೆಗೆ ಬಂದಿತು.

ಕಾಡು ದೊಡ್ಡದಿದ್ದರೂ ದಟ್ಟಣೆ ಏಕೆ ಉಂಟಾಗುತ್ತದೆ? ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. 4 ಕಿಮೀ. ಉದ್ದ, 4 ಕಿಮೀ. ಅಗಲದ ಒಂದು ಕಾಡು. ವಿಸ್ತೀರ್ಣ 1,600 ಹೆಕ್ಟೇರ್. ಅದರ ಒಂದು ಅಂಚಿನುದ್ದಕ್ಕೂ ರಸ್ತೆ. ಒಳಗೆ 32 ಬೇಟೆಗಾರರು. ಸರಾಸರಿ ತೆಗೆದರೆ ಒಬ್ಬೊಬ್ಬರಿಗೆ 50 ಹೆಕ್ಟೇರ್. ಅಕ್ಕಪಕ್ಕದವರ ನಡುವೆ ಸುಮಾರು 700 ಮೀಟರ್ ಅಂತರ. ಇದು ಧಾರಾಳವೇ. ಆದರೆ ಅವರಲ್ಲಿ 24 ಮಂದಿ ರಸ್ತೆಯಿಂದ 800 ಮೀಟರ್ ಒಳಗೇ ಉಳಿದರೆ? ಆ ಪಟ್ಟಿಯ ವಿಸ್ತೀರ್ಣ 320 ಹೆಕ್ಟೇರ್ ಮಾತ್ರ. ಒಬ್ಬರಿಗೆ ಸಿಗುವುದು 13 ಹೆಕ್ಟೇರ್. ಅಂತರ 365 ಮೀಟರಿಗೆ ಇಳಿಯುತ್ತದೆ. ಉಳಿದ ಎಂಟು ಮಂದಿಗೆ ತಲಾ 160 ಹೆಕ್ಟೇರ್. ಕಾಡು ಒಂದೇ, ಜನರೂ ಅಷ್ಟೇ. ಆದರೆ ಮುಕ್ಕಾಲು ಪಾಲು ಜನರ ಅನುಭವದಲ್ಲಿ ಆ ಕಾಡು ಕಿಕ್ಕಿರಿದಿದೆ.

ವಾಸ್ತವವೂ ಹೀಗೆಯೇ. ಹೊಡೆದ ಜಿಂಕೆಯನ್ನು ಹೊತ್ತು ತರಬೇಕಾದ್ದರಿಂದ ರಸ್ತೆಗೆ ಹತ್ತಿರದ ಜಾಗಕ್ಕೆ ಬೇಡಿಕೆ ಹೆಚ್ಚು. ಕಾಲದ ಹಂಚಿಕೆಯೂ ಸಮವಲ್ಲ. ಋತು ಆರಂಭವಾಗುವ ದಿನ, ಶನಿವಾರ ಮತ್ತು ಭಾನುವಾರಗಳಲ್ಲಿ ನೂಕುನುಗ್ಗಲು. ವಾರದ ಮಧ್ಯೆ ಬಿಕೋ ಎನ್ನುವ ಮೌನ. ಖಾಸಗಿ ಜಮೀನುಗಳನ್ನು ಹಣವಂತರು ಬೇಟೆಗಾಗಿ ಗುತ್ತಿಗೆ ಹಿಡಿಯುತ್ತ ಬಂದಂತೆ, ಹಿಂದೆ ರೈತನ ಮಾತಿನ ಒಪ್ಪಿಗೆಯಿಂದ ಹೋಗುತ್ತಿದ್ದವರೂ ಸರಕಾರಿ ಕಾಡಿನತ್ತ ಬಂದರು. ಗಡಿಗಳನ್ನು ಕರಾರುವಾಕ್ಕಾಗಿ ತೋರಿಸುವ ಮೊಬೈಲ್ ನಕ್ಷೆಗಳು ಬಂದ ಮೇಲೆ, ಒಬ್ಬಿಬ್ಬರಿಗಷ್ಟೇ ಗೊತ್ತಿದ್ದ ಮೂಲೆಗಳೂ ಎಲ್ಲರಿಗೂ ತಿಳಿದವು.

ಜಿಂಕೆಯ ಲೆಕ್ಕಾಚಾರ

ಬೇಟೆಗಾರರ ದಟ್ಟಣೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುವುದು ಪ್ರಾಣಿಯೇ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಬಿಳಿಬಾಲದ ಜಿಂಕೆಗಳು ಬೇಟೆಯ ಒತ್ತಡ ಹೆಚ್ಚಿದಂತೆ ಹಗಲಿನ ಓಡಾಟ ಕಡಿಮೆ ಮಾಡಿ, ದಟ್ಟ ಪೊದೆಗಳನ್ನು ಸೇರಿ, ರಾತ್ರಿ ಮೇಯುವುದು ಕಂಡುಬಂದಿದೆ. ಪಶ್ಚಿಮದ ಪರ್ವತ ರಾಜ್ಯಗಳಲ್ಲಿ ಎಲ್ಕ್ ಎಂಬ ದೊಡ್ಡ ಸಾರಂಗಗಳು ಋತು ಆರಂಭವಾಗುತ್ತಿದ್ದಂತೆ ಸಾರ್ವಜನಿಕ ಕಾಡು ಬಿಟ್ಟು, ಬೇಟೆಗೆ ಅವಕಾಶವಿಲ್ಲದ ಖಾಸಗಿ ಜಮೀನಿಗೆ ಹೋಗಿ ನಿಲ್ಲುತ್ತವೆ.

ಇದರ ಪರಿಣಾಮವನ್ನು ಗಮನಿಸಿ. ಕಾಡಿನಲ್ಲಿ ಜನ ಹೆಚ್ಚಿದಂತೆ ಕಣ್ಣಿಗೆ ಬೀಳುವ ಪ್ರಾಣಿ ಕಡಿಮೆಯಾಗುತ್ತದೆ. ಪ್ರಾಣಿ ಕಾಣದಿದ್ದಾಗ ಬೇಟೆಗಾರರು ಕುಳಿತಲ್ಲಿ ಕೂರದೆ ಅಲೆದಾಡತೊಡಗುತ್ತಾರೆ. ಅಲೆದಾಟದಿಂದ ಉಳಿದ ಪ್ರಾಣಿಗಳೂ ಚದುರುತ್ತವೆ, ಪಕ್ಕದವನಿಗೂ ತೊಂದರೆಯಾಗುತ್ತದೆ. ಅಂದರೆ ಒಬ್ಬನ ಅಸೌಜನ್ಯದ ಬೆಲೆಯನ್ನು ಕಾಡಿನಲ್ಲಿರುವ ಎಲ್ಲರೂ ತೆರುತ್ತಾರೆ.

ಬರೆಯದ ನಿಯಮಗಳು

ಮೊದಲ ನಿಯಮ ವಾಹನ ನಿಲ್ಲಿಸುವ ಜಾಗದಲ್ಲೇ ಆರಂಭವಾಗುತ್ತದೆ. ನೀವು ಹೋಗಬೇಕೆಂದಿದ್ದ ಕಾಲುದಾರಿಯ ಬಾಯಲ್ಲಿ ಆಗಲೇ ಒಂದು ವಾಹನ ನಿಂತಿದ್ದರೆ, ಎರಡನೆಯ ಆಯ್ಕೆಯ ಜಾಗಕ್ಕೆ ಹೋಗಬೇಕು. ಬೇರೆ ದಾರಿಯಿಲ್ಲದಿದ್ದರೆ, ಮೊದಲು ಬಂದವನು ಇನ್ನೂ ಅಲ್ಲೇ ಇದ್ದಲ್ಲಿ ‘ನೀವು ಯಾವ ಕಡೆ ಹೋಗುತ್ತೀರಿ?’ ಎಂದು ಕೇಳಿ, ಅದರ ವಿರುದ್ಧ ದಿಕ್ಕು ಹಿಡಿಯಬೇಕು. ಇಲ್ಲಿ ಹಂಚಿಕೆಯಾಗುವುದು ಮಾಹಿತಿ. ಒಳಗೆ ಹೋದ ಮೇಲೆ ಬೇಟೆಗಾರ ಕಾಣಿಸದಂತೆ ಕೂರುತ್ತಾನೆ. ಆದ್ದರಿಂದ ಅವನಿರುವುದನ್ನು ಸಾರುವ ಒಂದೇ ಗುರುತು ಆ ವಾಹನ.

ಎರಡನೆಯದು ಗಾಳಿಯ ನಿಯಮ. ಜಿಂಕೆ ಹೆಚ್ಚಾಗಿ ನಂಬುವುದು ಮೂಗನ್ನು. ಆದ್ದರಿಂದ ಮರದ ಮೇಲಿನ ಅಟ್ಟಣೆಯಲ್ಲಿ ಕಾದು ಕೂರುವವನು (ಮಲೆನಾಡಿನ ಹಳಬರು ‘ಮರಸು ಕೂರುವುದು’ ಎನ್ನುತ್ತಿದ್ದುದು ಇದನ್ನೇ) ಜಿಂಕೆ ಬರಬಹುದಾದ ದಿಕ್ಕಿನಿಂದ ಗಾಳಿ ತನ್ನತ್ತ ಬೀಸುವಂತೆ ಜಾಗ ಆರಿಸಿರುತ್ತಾನೆ. ತಡವಾಗಿ ಬಂದವನು ಅದೇ ದಿಕ್ಕಿನಲ್ಲಿ ನಡೆದುಹೋದರೆ ಅವನ ಮೈವಾಸನೆ ಜಿಂಕೆಯ ದಾರಿಯಲ್ಲೆಲ್ಲ ಉಳಿಯುತ್ತದೆ. ಗುಡ್ಡಗಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲೇರಿದ ಮೇಲೆ ಕಾದ ಗಾಳಿ ಮೇಲಕ್ಕೆ ಏರುತ್ತದೆ. ಆದ್ದರಿಂದ ಬೆಳಗಾದ ಮೇಲೆ ಕಣಿವೆಯ ತಳದಲ್ಲಿ ನಡೆಯುವವನ ವಾಸನೆ ಮೇಲಿನ ಇಡೀ ಇಳಿಜಾರಿಗೆ ಹಬ್ಬುತ್ತದೆ. ನಡೆಯುವವನಿಗೆ ತಾನು ಮಾಡಿದ ಹಾನಿ ತಿಳಿಯುವುದೇ ಇಲ್ಲ, ಏಕೆಂದರೆ ಓಡಿಹೋದ ಜಿಂಕೆಯನ್ನು ಅವನು ನೋಡಿರುವುದಿಲ್ಲ. ಬೆಳಕು ಹರಿಯುವ ಮೊದಲೇ ಜಾಗ ಸೇರಬೇಕು, ಹೊತ್ತು ಏರುವವರೆಗೆ ಅಲ್ಲಿಯೇ ಇರಬೇಕು ಎಂಬ ರೂಢಿಗೆ ಕಾರಣ ಇದೇ.

ಮೂರನೆಯದು ಅಂತರದ ನಿಯಮ. ಜಿಂಕೆ ಬೇಟೆಗೆ ಬಳಸುವ ರೈಫಲ್ಲಿನ ಗುಂಡು ಅನುಕೂಲ ಕೋನದಲ್ಲಿ ಹಾರಿದರೆ 4-5 ಕಿಮೀ. ದೂರ ಹೋಗಬಲ್ಲದು. ಮರಗಳ ನಡುವೆ ನೋಟ ನೂರು ಮೀಟರಿಗೇ ಮುಗಿಯಬಹುದು. ಕಾಣುವ ದೂರಕ್ಕೂ ಗುಂಡು ಹೋಗುವ ದೂರಕ್ಕೂ ಇರುವ ಈ ವ್ಯತ್ಯಾಸವೇ ಅಪಾಯದ ಮೂಲ. ಆದ್ದರಿಂದ ಗುರಿಯ ಹಿಂದೆ ಏನಿದೆ ಎಂದು ಖಚಿತವಾಗದೆ ಈಡು ಹಾರಿಸಬಾರದು. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಗುರಿ ಇಡಬಾರದು. ಇನ್ನೊಬ್ಬ ಕುಳಿತಿರುವುದು ಕಂಡರೆ ಸದ್ದಿಲ್ಲದೆ ಕೈ ಬೀಸಿ, ಬಂದ ದಾರಿಯಲ್ಲೇ ಹಿಂದಿರುಗಬೇಕು.

ಟರ್ಕಿ ಕೋಳಿಯ ಬೇಟೆಯಲ್ಲಿ ಮಾತ್ರ ಕೈ ಬೀಸುವುದೂ ತಪ್ಪು. ವಸಂತದಲ್ಲಿ ಗಂಡು ಟರ್ಕಿ ಹೆಣ್ಣನ್ನು ಕರೆಯುತ್ತದೆ. ಬೇಟೆಗಾರ ಎಲೆಬಣ್ಣದ ಉಡುಪು ತೊಟ್ಟು, ಮರಕ್ಕೆ ಒರಗಿ ಕುಳಿತು, ಹೆಣ್ಣಿನ ದನಿಯನ್ನು ಅನುಕರಿಸುತ್ತಾನೆ. ಆ ದನಿ ಕೇಳಿ ಗಂಡು ಟರ್ಕಿ ಬರಬಹುದು, ಇನ್ನೊಬ್ಬ ಬೇಟೆಗಾರನೂ ಬರಬಹುದು! ಅದಕ್ಕೇ ಟರ್ಕಿ ದನಿಯ ಜಾಡು ಹಿಡಿದು ನುಸುಳಿಕೊಂಡು ಹೋಗಬಾರದು ಎಂಬುದು ಅಲ್ಲಿ ದೊಡ್ಡ ನಿಯಮ. ಗಂಡಿನ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳಿರುವುದರಿಂದ ಈ ಬಣ್ಣದ ಕರವಸ್ತ್ರವನ್ನೂ ಹೊರತೆಗೆಯಬಾರದು. ಭುಜಕ್ಕಿಂತ ಅಗಲವಾದ ಮರಕ್ಕೆ ಒರಗಬೇಕು. ಯಾರಾದರೂ ಹತ್ತಿರ ಬರುವುದು ಕಂಡರೆ ಕದಲದೆ ಗಟ್ಟಿಯಾಗಿ ಮಾತಾಡಬೇಕು. ಚಲನೆ ಟರ್ಕಿಯಂತೆ ಕಾಣಬಹುದು, ಮನುಷ್ಯನ ಮಾತು ಮಾತ್ರ ಎಂದೂ ಟರ್ಕಿಯಂತೆ ಕೇಳಿಸದು.

ಬಾತುಕೋಳಿಗಳ ಜೌಗಿನಲ್ಲಿ ತೊಂದರೆ ಬೇರೆ ಬಗೆಯದು. ನೀರಿನ ಮೇಲೆ ಬೊಂಬೆ ಬಾತುಗಳನ್ನು ತೇಲಿಬಿಟ್ಟು ಜೊಂಡಿನ ಮರೆಯಲ್ಲಿ ಕೂರುತ್ತಾರೆ. ಹಕ್ಕಿಗಳು ಹಲವು ಸುತ್ತು ಹಾಕಿ, ನಂಬಿಕೆ ಬಂದ ಮೇಲೆ ಇಳಿಯುತ್ತವೆ. ಚರೆ ಹಾರಿಸುವ ಕೋವಿಯ ಪರಿಣಾಮಕಾರಿ ದೂರ ಸುಮಾರು 35-40 ಮೀಟರ್ ಮಾತ್ರ. ತಾಳ್ಮೆಯಿಲ್ಲದವನು ಎರಡು ಪಟ್ಟು ಎತ್ತರದಲ್ಲಿರುವ ಹಕ್ಕಿಗೆ ಹಾರಿಸಿದರೆ ಅವನಿಗೂ ಸಿಗದು, ಪಕ್ಕದವನ ಬೊಂಬೆಗಳತ್ತ ಇಳಿಯುತ್ತಿದ್ದ ಹಿಂಡೂ ಹಾರಿಹೋಗುತ್ತದೆ. ದೂರದ ಚರೆ ಕೊಲ್ಲುವ ಬದಲು ಗಾಯಮಾಡುವುದು ಇನ್ನೊಂದು ಅನಾಹುತ. ಗಾಯಗೊಂಡ ಹಕ್ಕಿ ಲೆಕ್ಕಕ್ಕೂ ಸಿಗದೆ ಜೊಂಡಿನಲ್ಲಿ ಸಾಯುತ್ತದೆ.

ಕಿತ್ತಳೆ ಬಣ್ಣದ ಗುಟ್ಟು

ಜಿಂಕೆಗೆ ಕಾಣದಂತಿರಬೇಕು, ಮನುಷ್ಯನಿಗೆ ಕಾಣುವಂತಿರಬೇಕು. ಇವೆರಡೂ ಒಟ್ಟಿಗೆ ಸಾಧ್ಯವೇ? ಸಾಧ್ಯ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆ. ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆ. ಒಂದು ನೀಲಿಯತ್ತ (ಸುಮಾರು 450-460 ನ್ಯಾನೋಮೀಟರ್), ಇನ್ನೊಂದು ಹಸುರಿನತ್ತ (ಸುಮಾರು 537 ನ್ಯಾನೋಮೀಟರ್) ಹೆಚ್ಚು ಸಂವೇದಿ. ಕೆಂಪು-ಕಿತ್ತಳೆಗಳನ್ನು ಹಸುರಿನಿಂದ ಬೇರೆಯಾಗಿ ಗುರುತಿಸಲು ಬೇಕಾದ ಮೂರನೆಯ ಬಗೆ ಅದಕ್ಕಿಲ್ಲ. ಬೇಟೆಗಾರರು ತೊಡುವ ಹೊಳೆಯುವ ಕಿತ್ತಳೆ ಬಣ್ಣದ ಬೆಳಕಿನ ತರಂಗಾಂತರ ಸುಮಾರು 600 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಅದು ಕಾಡಿನಲ್ಲಿ ಎದ್ದು ಕಾಣುತ್ತದೆ. ಜಿಂಕೆಗೆ ಎಲೆಗಳ ನಡುವೆ ಬೆರೆತುಹೋಗುತ್ತದೆ.

ಅನೇಕ ರಾಜ್ಯಗಳಲ್ಲಿ ರೈಫಲ್ಲಿನಿಂದ ಜಿಂಕೆ ಬೇಟೆಯಾಡುವವರು ಈ ಬಣ್ಣ ತೊಡುವುದು ಕಡ್ಡಾಯ. ಕಡ್ಡಾಯವಿಲ್ಲದ ಕಡೆಯೂ, ಜಾಗಕ್ಕೆ ನಡೆದು ಹೋಗುವಾಗ ಮತ್ತು ಮರಳುವಾಗ ಕಿತ್ತಳೆ ತೊಡುವುದು ಸೌಜನ್ಯ. ಅದು ತನ್ನ ರಕ್ಷಣೆಯ ಜೊತೆಗೆ ‘ಇಲ್ಲೊಬ್ಬನಿದ್ದಾನೆ’ ಎಂದು ಮಿಕ್ಕವರಿಗೆ ದೂರದಿಂದಲೇ ತಿಳಿಸುವ ಮಾತಿಲ್ಲದ ಸೂಚನೆ.

ಸೌಜನ್ಯ ಸಾಲದಾದಾಗ

ಬರೆಯದ ನಿಯಮಕ್ಕೆ ಒಂದು ದೌರ್ಬಲ್ಯವಿದೆ: ಹೊಸಬರಿಗೆ ಅದು ಗೊತ್ತಿರುವುದಿಲ್ಲ. ಅಪ್ಪನ ಜೊತೆ ಕಾಡಿಗೆ ಹೋಗಿ ಕಲಿಯುವ ಕಾಲ ಹಿಂದಾದಂತೆ ತರಗತಿಯ ಶಿಕ್ಷಣ ಬೇಕಾಯಿತು. 1949ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ಬೇಟೆಗಾರರಿಗೆ ಸುರಕ್ಷತಾ ತರಬೇತಿಯನ್ನು ಮೊದಲ ಬಾರಿಗೆ ಕಡ್ಡಾಯ ಮಾಡಿತು. ಇಂದು ಅದು ದೇಶದೆಲ್ಲೆಡೆ ಒಂದಲ್ಲ ಒಂದು ರೂಪದಲ್ಲಿದೆ. ಉದ್ದೇಶಪೂರ್ವಕವಾಗಿ ಇನ್ನೊಬ್ಬರ ಬೇಟೆಗೆ ಅಡ್ಡಿಪಡಿಸುವುದು ಎಲ್ಲ 50 ರಾಜ್ಯಗಳಲ್ಲೂ ಅಪರಾಧ. ಆದರೆ ತಿಳಿಯದೆ ಅಡ್ಡ ಬಂದವನ ಮೇಲೆ ಈ ಕಾನೂನು ಸಾಮಾನ್ಯವಾಗಿ ನಿಲ್ಲದು.

ಜನಸಂಖ್ಯೆಯೇ ಮಿತಿ ಮೀರಿದಾಗ ಲಾಟರಿ ಬರುತ್ತದೆ. ಪಶ್ಚಿಮದ ರಾಜ್ಯಗಳು ಅನೇಕ ವಲಯಗಳಲ್ಲಿ ಎಲ್ಕ್ ಬೇಟೆಯ ಪರವಾನಗಿಗಳನ್ನು ಚೀಟಿ ಎತ್ತಿ ಹಂಚುತ್ತವೆ. ಕ್ಯಾಲಿಫೋರ್ನಿಯದ ಬಾತುಕೋಳಿ ಆಶ್ರಯತಾಣಗಳಲ್ಲಿ ಮೊದಲೇ ಅರ್ಜಿ ಹಾಕಿ ಆಯ್ಕೆಯಾದವರಿಗೆ ಮೊದಲ ಪ್ರವೇಶ. ಅನಂತರ ಸರದಿಯಲ್ಲಿ ಕಾದವರು, ಒಳಗಿನವರು ಹೊರಬಂದಂತೆ ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ. ಹೀಗೆ ಒಳಗಿರುವವರ ಸಂಖ್ಯೆ ಮಿತಿ ದಾಟುವುದಿಲ್ಲ. ಒಬ್ಬೊಬ್ಬರು ಒಯ್ಯಬಹುದಾದ ತೋಟಾಗಳ ಸಂಖ್ಯೆಗೂ ಕೆಲವೆಡೆ ಮಿತಿ ಇದೆ. ಎಣಿಸಿ ಕೊಟ್ಟ ತೋಟಾಗಳಿದ್ದರೆ ಎಟುಕದ ಹಕ್ಕಿಗೆ ಯಾರೂ ಸುಮ್ಮನೆ ಹಾರಿಸರು! ಆದರೆ ಲಾಟರಿಗೂ ಬೆಲೆ ಇದೆ. ಚೀಟಿ ಬಾರದವನು ಆ ವರ್ಷ ಮನೆಯಲ್ಲೇ ಕೂರಬೇಕು. ಕೆಲವು ವಲಯಗಳ ಪರವಾನಗಿಗೆ ಹಲವು ವರ್ಷ ಕಾಯಬೇಕು. ಸೌಜನ್ಯದಿಂದ ಕೆಲಸ ನಡೆದಷ್ಟು ಕಾಲ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಅದು ಸೋತಾಗ ಬಾಗಿಲಲ್ಲಿ ಕಾವಲು ಬೇಕಾಗುತ್ತದೆ.

ಇದರಲ್ಲಿ ಅಡಗಿರುವ ಹಿತ

ಇದು ಕೆಲವರ ಹವ್ಯಾಸದ ಜಗಳ ಮಾತ್ರವಲ್ಲವೇ ಎಂದು ನೀವು ಕೇಳಬಹುದು. ಅಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಬೇಟೆಯ ಕೋವಿ ಮತ್ತು ತೋಟಾಗಳ ಮೇಲೆ ಶೇ. 11ರ ತೆರಿಗೆ ಇದೆ. ಆ ಹಣ ರಾಜ್ಯಗಳಿಗೆ ಅವುಗಳ ವಿಸ್ತೀರ್ಣ ಮತ್ತು ಪರವಾನಗಿದಾರರ ಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗಿ, ವನ್ಯಜೀವಿ ಸಂಶೋಧನೆಗೂ ಆವಾಸಗಳ ರಕ್ಷಣೆಗೂ ಬಳಕೆಯಾಗುತ್ತದೆ. ಪರವಾನಗಿ ಶುಲ್ಕವೂ ರಾಜ್ಯದ ವನ್ಯಜೀವಿ ಇಲಾಖೆಗೇ ಸೇರಬೇಕು. ಇನ್ನು ತೋಳ, ಪ್ಯೂಮಾಗಳು ಇಲ್ಲವಾದ ಪೂರ್ವದ ಕಾಡುಗಳಲ್ಲಿ ಜಿಂಕೆಗಳ ಸಂಖ್ಯೆ ಮಿತಿಮೀರಿ ಮರಗಳ ಸಸಿಗಳನ್ನು ತಿಂದು ಮುಗಿಸದಂತೆ ತಡೆಯಲು ಇಲಾಖೆಗಳು ನೆಚ್ಚಿರುವುದು ಬೇಟೆಗಾರರನ್ನೇ. ನೂಕುನುಗ್ಗಲಿಗೂ ಜಗಳಕ್ಕೂ ಬೇಸತ್ತು ಜನ ಬೇಟೆ ಬಿಟ್ಟರೆ ಹಣವೂ ಇಳಿಯುತ್ತದೆ, ಸಸಿಗಳೂ ಉಳಿಯುವುದಿಲ್ಲ.

ಎಲ್ಲರದಾದದ್ದು ಕೊನೆಗೆ ಯಾರಿಗೂ ಇಲ್ಲದಂತೆ ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಹಾಗೆ ಆಗಲೇಬೇಕೆಂದಿಲ್ಲ, ಬಳಸುವವರು ತಾವೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ನಮ್ಮ ಕೆರೆಗಳ ನೀರುಗಂಟಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದುದೂ ಇಂಥದೇ ಏರ್ಪಾಡು. ಆದರೆ ನೀರುಗಂಟಿಯ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸಾರ್ವಜನಿಕ ಕಾಡಿಗೆ ಬರುವವರು ಅಪರಿಚಿತರು, ಮತ್ತೆ ಭೇಟಿಯಾಗದಿರಬಹುದು. ಅಲ್ಲಿ ಸೌಜನ್ಯ ಉಳಿಸಿಕೊಳ್ಳುವುದು ಹೆಚ್ಚು ಕಷ್ಟ.

ನಮ್ಮಲ್ಲಿ ಕೋವಿಯ ಜಾಗದಲ್ಲಿ ದುರ್ಬೀನು, ಕ್ಯಾಮೆರಾ ಬಂದಿವೆ. ಆದರೆ ಗಾಳಿ, ವಾಸನೆ, ಅಂತರಗಳ ನಿಯಮ ಬದಲಾಗಿಲ್ಲ. ಮುಂದಿನ ಬಾರಿ ನೀವು ಕೆರೆಯ ಅಂಚಿಗೆ ಹಕ್ಕಿ ನೋಡಲು ಹೋದಾಗ ಆಗಲೇ ಒಬ್ಬರು ಅಲ್ಲಿ ಕದಲದೆ ಕುಳಿತಿರುವುದು ಕಂಡರೆ, ಅವರಿಗೂ ಹಕ್ಕಿಗೂ ನಡುವೆ ಹೋಗಬೇಡಿ. ಹಿಂದಿನಿಂದ ಬಂದು, ತುಸು ದೂರದಲ್ಲಿ ಕುಳಿತುಕೊಳ್ಳಿ. ಹಕ್ಕಿ ಹಾರಿಹೋಗದಿದ್ದರೆ ಇಬ್ಬರಿಗೂ ಕಾಣುತ್ತದೆ.